ಸೊನ್ನೆಯ ಶೇ. 20 ಎಷ್ಟು?

ಪೇಟೆಯಲ್ಲಿ ವ್ಯಾಪಾರ ಬಿದ್ದುಹೋದಾಗ ಸರಕಾರದ ಮುಂದಿರುವ ದಾರಿಗಳು ಬಹಳವೇನಿಲ್ಲ. ತೆರಿಗೆ ಇಳಿಸಬಹುದು, ತಾನೇ ಖರ್ಚು ಮಾಡಬಹುದು, ಜನರ ಕೈಗೆ ದುಡ್ಡು ಕೊಡಬಹುದು, ಇಲ್ಲವೇ ಸಾಲ ಸುಲಭವಾಗಿ ಸಿಗುವ ಹಾಗೆ ಮಾಡಬಹುದು. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ 20 ಲಕ್ಷ ಕೋಟಿ ರೂಪಾಯಿಯ ಆತ್ಮನಿರ್ಭರ ಪ್ಯಾಕೇಜ್ ಘೋಷಿಸಿದಾಗ ಹೆಚ್ಚು ನೆಚ್ಚಿಕೊಂಡದ್ದು ಈ ಕೊನೆಯ ದಾರಿಯನ್ನೇ. (ಆ ಮೊತ್ತದಲ್ಲಿ ರಿಸರ್ವ್ ಬ್ಯಾಂಕ್ ಮೊದಲೇ ಪ್ರಕಟಿಸಿದ್ದ ಸುಮಾರು 8 ಲಕ್ಷ ಕೋಟಿಯ ಕ್ರಮಗಳೂ ಸೇರಿದ್ದವು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.)

ಮುಂಬಯಿ, ಪುಣೆಯಲ್ಲಿ ಹೋಟೆಲು ನಡೆಸುವ ನಮ್ಮ ಕರಾವಳಿಯವರಿಗೆ ಅದರಲ್ಲಿ ನೇರವಾಗಿ ಸಂಬಂಧಪಟ್ಟದ್ದು ತುರ್ತು ಸಾಲ ಖಾತರಿ ಯೋಜನೆ. 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ. 20ರಷ್ಟು ಹೊಸ ಸಾಲ. ಅಡವು ಬೇಕಿರಲಿಲ್ಲ, ಬ್ಯಾಂಕಿನ ಬಡ್ಡಿ ಶೇ. 9.25 ಮೀರುವಂತಿರಲಿಲ್ಲ, ಮೊದಲ ವರ್ಷ ಅಸಲು ಕಟ್ಟಬೇಕಿರಲಿಲ್ಲ. ಸಾಲಗಾರ ಕೈಯೆತ್ತಿದರೆ ಬ್ಯಾಂಕಿಗೆ ಸರಕಾರವೇ ಹೊಣೆಯಾಗಿತ್ತು. 2021ರ ಮಾರ್ಚಿನಲ್ಲಿ ಹೋಟೆಲು, ಪ್ರವಾಸದ ಉದ್ಯಮಗಳಿಗೆ ಅದನ್ನು ಶೇ. 40ಕ್ಕೆ ಏರಿಸಿದರು.

ಜಾಣ ಯೋಜನೆಯೇ. ಖಜಾನೆಯಿಂದ ಅಂದೇ ಹಣ ಹೋಗುವುದಿಲ್ಲ, ಬ್ಯಾಂಕಿನವರ ಹೆದರಿಕೆಯೂ ಬಿಡುತ್ತದೆ. ಇದರಿಂದ ಉಳಿದುಕೊಂಡ ಹೋಟೆಲುಗಳಿವೆ, ಇಲ್ಲವೆನ್ನಲಾರೆ. ಆದರೆ ಲೆಕ್ಕವೆಲ್ಲ ಹಳೆಯ ಸಾಲದ ಮೇಲೆ! ಬಾಯಿಮಾತಿನ ಗುತ್ತಿಗೆಯಲ್ಲಿ ಆಫೀಸಿನ ಕ್ಯಾಂಟೀನು ನಡೆಸುವವನು, ಊರಿನ ಭಾವನಿಂದ ಕೈಗಡ ತಂದು ಚಹಾದಂಗಡಿ ಇಟ್ಟವನು, ಇವರ ಹೆಸರಿನಲ್ಲಿ ಬ್ಯಾಂಕಿನ ವ್ಯಾಪಾರ ಸಾಲವೇ ಇಲ್ಲ. ಸೊನ್ನೆಯ ಶೇ. 20 ಸೊನ್ನೆ, ಶೇ. 40 ಕೂಡ ಸೊನ್ನೆ.

ಸಾಲ ಸಿಕ್ಕವರಿಗೂ ಗಿರಾಕಿ ಸಿಗಬೇಕಲ್ಲ? ಬಾಗಿಲು ಮುಚ್ಚಿದ ಹೋಟೆಲಿನಲ್ಲಿ ಸಾಲದ ದುಡ್ಡು ಬಾಡಿಗೆ, ಕರೆಂಟು ಬಿಲ್ಲಿಗೆ ಕರಗುತ್ತದೆ. ಗಿರಾಕಿಯನ್ನು ಪೇಟೆಗೆ ಕಳಿಸಲೆಂದು ಅದೇ ಅಕ್ಟೋಬರಿನಲ್ಲಿ ಎಲ್‌ಟಿಸಿ ನಗದು ವೋಚರ್ ಯೋಜನೆ ಬಂತು. ಕೇಂದ್ರ ಸರಕಾರಿ ನೌಕರರು ಪ್ರವಾಸ ಭತ್ಯೆಯ ಬದಲಿಗೆ ನಗದು ಪಡೆಯಬಹುದಿತ್ತು, ಆದರೆ ಪ್ರಯಾಣದರದ ಮೂರು ಪಟ್ಟು ಹಣಕ್ಕೆ ಸಾಮಾನು ಕೊಳ್ಳಬೇಕಿತ್ತು. ಅದೂ ಶೇ. 12 ಅಥವಾ ಹೆಚ್ಚು ಜಿಎಸ್‌ಟಿ ಇದ್ದುದನ್ನೇ. ಫ್ರಿಜ್ ಆದೀತು, ಟಿವಿ ಆದೀತು. ನಮ್ಮ ಇಡ್ಲಿ ವಡೆಗೆ ಜಿಎಸ್‌ಟಿ ಶೇ. 5!

ಹಳೆಯ ಸಾಲ ಕೇಳದೆ ಕೊಟ್ಟದ್ದೂ ಉಂಟು. 2020ರ ಜೂನಿನ ಸ್ವನಿಧಿ ಯೋಜನೆಯಲ್ಲಿ ಆಗ ಬೀದಿ ವ್ಯಾಪಾರಿಗೆ 10,000 ರೂಪಾಯಿ ಸಿಗುತ್ತಿತ್ತು, ಸರಿಯಾಗಿ ಕಟ್ಟಿದರೆ ಮುಂದೆ ಇನ್ನೂ ಹೆಚ್ಚು. ಕ್ಯಾಂಟೀನಿನವನಿಗೆ ಅದೂ ಇಲ್ಲ, ಅವನು ಬೀದಿಯಲ್ಲಿ ಮಾರುವವನಲ್ಲವಲ್ಲ.