ಬೀಜದ ಗೋಂದಿಗೆ ಪ್ರಯೋಗಾಲಯದ ದರ್ಜೆ ಬೇಕು

ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಬಾಳೆ ಹಾಗೂ ಅಲಂಕಾರಿಕ ಸಸ್ಯಗಳ ಸಸಿಗಳು ಬಾಟಲಿಯೊಳಗೇ ಬೆಳೆದು ರೈತರ ಕೈಸೇರುತ್ತವೆ. ಅಲ್ಲಿನ ಪೋಷಕ ದ್ರಾವಣವನ್ನು ಗಟ್ಟಿಗೊಳಿಸಿ ಸಸ್ಯದ ತುಣುಕಿಗೆ ಆಧಾರ ಕೊಡುವ ವಸ್ತು ಸಾಮಾನ್ಯವಾಗಿ ಅಗರ್. ಇದು ಕಡಲಪಾಚಿಯ ಉತ್ಪನ್ನ. ಮೊರಾಕೊ ದೇಶವು ಜೆಲಿಡಿಯಂ ಪಾಚಿಯ ಕೊಯ್ಲು ಹಾಗೂ ರಫ್ತಿಗೆ ಮಿತಿ ಹೇರಿದಾಗ, 2015ರ ಕೊನೆಯಲ್ಲಿ ಅನೇಕ ದೇಶಗಳ ಪ್ರಯೋಗಾಲಯಗಳು ಕೊರತೆಯನ್ನು ಎದುರಿಸಿದವು. ಅಗರ್‌ನ ಸ್ಥಾನವನ್ನು ನಮ್ಮ ಬೀಜಗಳ ಗೋಂದು ತುಂಬಬಲ್ಲದೇ ಎಂಬ ಪ್ರಶ್ನೆ ವರ್ತಕರಲ್ಲಿ ಏಳುವುದು ಸಹಜ.

ಉತ್ತರ ಭಾಗಶಃ ಈಗಾಗಲೇ ದೊರೆತಿದೆ. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 1998ರಲ್ಲಿ ಇಸಬ್‌ಗೋಲ್ ಹೊಟ್ಟನ್ನೂ 2005ರಲ್ಲಿ ಗೋರಿಕಾಯಿ ಬೀಜದ ಗೋಂದನ್ನೂ, ಅಂದರೆ ಗೌರ್ ಗಮ್ಮನ್ನೂ, ಅಗರ್‌ಗೆ ಬದಲಾಗಿ ಬಳಸಬಹುದೆಂದು ತೋರಿಸಿದರು. ಗೌರ್ ಗಮ್ ಮಾಧ್ಯಮದಲ್ಲಿ ಚಿಗುರೊಡೆಯುವಿಕೆ ಮತ್ತು ಬೇರು ಬಿಡುವಿಕೆ ಅಗರ್‌ಗಿಂತ ಉತ್ತಮವಾಗಿತ್ತು.

ಆದರೆ ಲೆಕ್ಕವನ್ನು ಕಿಲೋ ದರದಿಂದ ಮಾಡಬಾರದು. ಒಂದು ಲೀಟರ್ ಮಾಧ್ಯಮಕ್ಕೆ ಅಗರ್ ಸುಮಾರು 9 ಗ್ರಾಂ ಸಾಕು. ಗೌರ್ ಗಮ್ 20ರಿಂದ 40 ಗ್ರಾಂ ಬೇಕು, ಇಸಬ್‌ಗೋಲ್ ಸುಮಾರು 30 ಗ್ರಾಂ. ಕಿಲೋ ಬೆಲೆ ಅಗರ್‌ನ ಸುಮಾರು ಐದನೆಯ ಒಂದಂಶಕ್ಕಿಂತ ಕೆಳಗಿದ್ದರೆ ಮಾತ್ರ ಉಳಿತಾಯ ನಿಶ್ಚಿತ. ಕರಗಿಸುವ ಶ್ರಮ ಬೇರೆ: ಈ ಗೋಂದುಗಳು ಗಂಟುಕಟ್ಟುತ್ತವೆ, ಮಂದವಾಗಿ ಸುರಿಯುತ್ತವೆ. ಮಾಧ್ಯಮ ತಿಳಿಯಾಗಿರದಿದ್ದರೆ ಬೂಷ್ಟು ತಡವಾಗಿ ಕಣ್ಣಿಗೆ ಬೀಳುತ್ತದೆ. ಬೆಲೆಯ ಸ್ಥಿರತೆಯೂ ಇಲ್ಲ. ಅಮೆರಿಕದ ತೈಲಬಾವಿಗಳ ಬೇಡಿಕೆಯಿಂದ 2012ರಲ್ಲಿ ಗೌರ್ ಧಾರಣೆ ಗಗನಕ್ಕೇರಿ, ವಾಯಿದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತೆಂಬುದು ವರ್ತಕರಿಗೆ ನೆನಪಿದ್ದೀತು.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಬೀಜದ ಪಾಲಿಸ್ಯಾಕರೈಡ್‌ಗಳನ್ನು, ಅಂದರೆ ಸಕ್ಕರೆಯ ಘಟಕಗಳು ಸರಪಳಿಯಾಗಿ ಜೋಡಿಸಿಕೊಂಡ ಈ ಪದಾರ್ಥಗಳನ್ನು, ಕೇವಲ ಅಂಟೆಂದು ಎಣಿಸುವಂತಿಲ್ಲ. ನೀರು ಹಾಗೂ ಲವಣಗಳು ಸಸ್ಯಕ್ಕೆ ಎಷ್ಟು ಸುಲಭವಾಗಿ ದೊರೆಯುತ್ತವೆಂಬುದು ಅವುಗಳಿಂದ ಬದಲಾಗುತ್ತದೆ. ಅವುಗಳ ತುಣುಕುಗಳು ಬೆಳವಣಿಗೆಗೆ ನೇರ ಸಂಕೇತವೂ ಆಗಬಲ್ಲವು. ಅಮೆರಿಕದ ವಿಜ್ಞಾನಿಗಳು 1984ರಲ್ಲಿ ತೋರಿಸಿದಂತೆ, ಸಸ್ಯಕೋಶದ ಗೋಡೆಯ ಕ್ಸೈಲೋಗ್ಲುಕನ್‌ನಿಂದ ಬಿಡಿಸಿದ ಒಂಬತ್ತು ಸಕ್ಕರೆಯ ತುಣುಕು ಅತ್ಯಲ್ಪ ಪ್ರಮಾಣದಲ್ಲಿಯೇ ಬಟಾಣಿ ಕಾಂಡದ ತುಂಡುಗಳ ಬೆಳವಣಿಗೆಯನ್ನು ತಡೆಯಿತು. ಫ್ಯೂಕೋಸ್ ಎಂಬ ಸಕ್ಕರೆಯಿಲ್ಲದ ತುಣುಕಿಗೆ ಆ ಗುಣವಿರಲಿಲ್ಲ.

ಹುಣಸೆ ಬೀಜದಲ್ಲಿರುವುದೂ ಕ್ಸೈಲೋಗ್ಲುಕನ್ ವರ್ಗದ ಪದಾರ್ಥವೇ, ಆದರೆ ಅದರಲ್ಲಿ ಫ್ಯೂಕೋಸ್ ಇಲ್ಲ. ನೂಲಿಗೆ ಗಂಜಿ ಹಾಕಲು ಮಾರುವ ಹುಣಸೆ ಬೀಜದ ಪುಡಿಯಲ್ಲಿ ಪ್ರೋಟೀನು, ಎಣ್ಣೆಯ ಅಂಶ ಮತ್ತು ಸಿಪ್ಪೆಯ ಒಗರು ಉಳಿದಿರುತ್ತವೆ. ಮಗ್ಗಕ್ಕೆ ಇವು ಬಾಧಕವಲ್ಲ, ಎಳೆ ಸಸಿಗೆ ಬಾಧಕವಾಗಬಹುದು. ಆ ಪುಡಿಯನ್ನೇ ಹೊಸ ಚೀಲಕ್ಕೆ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುವುದು ಅವಿವೇಕ.

ಹುಣಸೆಯ ವಹಿವಾಟಿಗೆ ಹೆಸರಾದ ತುಮಕೂರಿನಂಥ ಕೇಂದ್ರಗಳ ಸಣ್ಣ ಗಿರಣಿಗಳಿಗೆ ಇಲ್ಲೊಂದು ಅವಕಾಶವಿದೆ. ಅಗರ್ ಅನ್ನು ಸಂಪೂರ್ಣವಾಗಿ ಕೈಬಿಡುವಂತೆ ಗಿರಾಕಿಯನ್ನು ಒತ್ತಾಯಿಸಬೇಕಾಗಿಲ್ಲ. ಬ್ರೆಜಿಲ್‌ನಲ್ಲಿ ಅಗರ್‌ನ ಒಂದು ಪಾಲಿನ ಬದಲು ಗೌರ್‌ನಂಥ ಬೀಜದ ಗೋಂದನ್ನು ಬೆರೆಸಿದ ಮಾಧ್ಯಮದಲ್ಲಿ ತಂಬಾಕಿನ ಎಲೆಯ ತುಣುಕುಗಳು ಹೆಚ್ಚು ಚಿಗುರು ಕೊಟ್ಟಿವೆ. ಇಂಥ ಮಿಶ್ರಣದಿಂದ ಆರಂಭಿಸುವುದೇ ಸೂಕ್ತ. ಹೊಸ ಯಂತ್ರಕ್ಕೆ ಸಾಲ ಪಡೆಯುವ ಮೊದಲು ಗಿರಣಿಯು ಒಂದು ಪ್ರಯೋಗಾಲಯದೊಡನೆ ಒಪ್ಪಂದ ಮಾಡಿಕೊಂಡು, ಒಂದೇ ತಳಿಯ ಸಸಿಗಳ ಮೇಲೆ ಹಲವು ಕಂತುಗಳ ಪುಡಿಯನ್ನು ಪರೀಕ್ಷಿಸಬೇಕು. ತೇವಾಂಶ, ಬೂದಿ, ಪ್ರೋಟೀನು, ಸ್ನಿಗ್ಧತೆಗಳ ವಿವರ ಪ್ರತಿ ಚೀಲದೊಂದಿಗೆ ಹೋಗಬೇಕು. ಪ್ರತಿ ಕಂತಿನ ಮಾದರಿಯೊಂದು ಗಿರಣಿಯಲ್ಲೇ ಉಳಿಯಬೇಕು. ಸಸಿಗಳು ಸೊರಗಿದಾಗ ದೋಷ ಪುಡಿಯದೋ ನೀರಿನದೋ ಎಂದು ನಿರ್ಧರಿಸಲು ಇಬ್ಬರಿಗೂ ಅದು ಬೇಕಾಗುತ್ತದೆ.