ಕರಪತ್ರಕ್ಕೆ ಮೊದಲು ಒಂದು ಮಾತು

ನಮ್ಮ ಕಡೆ ಊರಹಬ್ಬ ಹತ್ತಿರ ಬಂತೆಂದರೆ ಮೊದಲು ಕೈಗೆ ಸಿಗುವುದು ಕರಪತ್ರ. ದಿವ್ಯ ಸಾನ್ನಿಧ್ಯ ಯಾರದು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿಗಳು ಎಷ್ಟು ಮಂದಿ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಕೊನೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’. ಸರ್ವರನ್ನೂ ಕರೆಯುವುದು ಒಳ್ಳೆಯದೇ. ಆದರೆ ಕರೆಯುವುದು ಬೇರೆ, ಕೇಳುವುದು ಬೇರೆ. ದಿನ ಗೊತ್ತುಮಾಡುವಾಗ, ಜಾಗ ಆರಿಸುವಾಗ, ಮೆರವಣಿಗೆಯ ದಾರಿ ನಿರ್ಧರಿಸುವಾಗ ನಾವು ಯಾರನ್ನು ಕೇಳಿದೆವು? ಹಬ್ಬದ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆಯೋ ಅವರನ್ನು ಕರಪತ್ರ ಅಚ್ಚಿಗೆ ಹೋಗುವ ಮುನ್ನವೇ ಕೇಳಬೇಕು ಎಂಬುದು ಈ ವಾರದ ಮಾತು.

ತೇರನ್ನೇ ನೋಡಿ. ಗುಬ್ಬಿ ಚನ್ನಬಸವೇಶ್ವರರ ಜಾತ್ರೆಗಾಗಲಿ, ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರರ ಜಾತ್ರೆಗಾಗಲಿ ಹೋದವರ ಕಣ್ಣು ತೇರಿನ ಕಳಸದ ಮೇಲಿರುತ್ತದೆ. ದೊಡ್ಡ ತೇರಿಗೆ ಸಾಮಾನ್ಯವಾಗಿ ಸ್ಟೀರಿಂಗ್ ಇರುವುದಿಲ್ಲ. ಒಮ್ಮೆ ಉರುಳತೊಡಗಿದರೆ ಜಡತ್ವ ಅದನ್ನು ಮುಂದಕ್ಕೇ ಒಯ್ಯುತ್ತದೆ. ಅದನ್ನು ತಿರುಗಿಸುವವರು, ನಿಲ್ಲಿಸುವವರು ಗಾಲಿಯ ಪಕ್ಕದಲ್ಲೇ ಬಾಗಿ ನಡೆಯುತ್ತಾ ಮರದ ತುಂಡು ಒಡ್ಡುವ ಜನ. ರಸ್ತೆ ಎಲ್ಲಿ ಎತ್ತರವಾಗಿದೆ, ಚರಂಡಿ ಎಲ್ಲಿ ಕುಸಿದಿದೆ ಎಂಬುದು ವೇದಿಕೆಯ ಮೇಲಿನವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ತಂತಿ ಎಲ್ಲಿ ಜೋತುಬಿದ್ದಿದೆ ಎಂಬುದು ಲೈನ್‌ಮ್ಯಾನ್‌ಗೆ ಗೊತ್ತು. 2022ರ ಏಪ್ರಿಲ್ 27ರ ನಸುಕಿನಲ್ಲಿ ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡು ಗ್ರಾಮದಲ್ಲಿ ತೇರಿಗೆ ಹೈ ಟೆನ್ಷನ್ ತಂತಿ ತಗುಲಿ 11 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ತೇರು ಹೊರಡುವ ಮುನ್ನ ಬೇಕಾದದ್ದು ಒಂದು ಅಳತೆ ಕೋಲು ಮತ್ತು ಸರಿಯಾದ ಮನುಷ್ಯನೊಡನೆ ಹತ್ತು ನಿಮಿಷದ ಮಾತು.

ಎರಡನೆಯದು ಸದ್ದು. ಸಿದ್ಧಗಂಗೆಯ ಜಾತ್ರೆ ಬರುವುದು ಶಿವರಾತ್ರಿಯ ಸುಮಾರಿಗೆ. ಅದರ ಹಿಂದೆಯೇ ಊರೂರಿನ ಜಾತ್ರೆಗಳು ಸಾಲುಗಟ್ಟುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಪುಸ್ತಕ ಹಿಡಿದು ಕೂರುವ ಕಾಲವೂ ಅದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ. ವಿದ್ಯಾರ್ಥಿಗಳು ಇಲ್ಲೊಂದು ಅಂಶ ಗಮನಿಸಬೇಕು. ಪ್ರತಿ 10 ಡೆಸಿಬೆಲ್ ಏರಿದಾಗ ಸದ್ದಿನ ತೀವ್ರತೆ 10 ಪಟ್ಟಾಗುತ್ತದೆ. ಆದ್ದರಿಂದ 55ರ ಜಾಗದಲ್ಲಿ 85 ಇದ್ದರೆ ಅದು ಒಂದೂವರೆ ಪಟ್ಟಲ್ಲ, 1000 ಪಟ್ಟು! ಬೀದಿಯಲ್ಲಿ ಪರೀಕ್ಷೆಗೆ ಕೂರುವ ಮಕ್ಕಳೆಷ್ಟು, ಹಾಸಿಗೆ ಹಿಡಿದ ಹಿರಿಯರೆಷ್ಟು ಎಂದು ಮೊದಲೇ ವಿಚಾರಿಸಿದರೆ ಸ್ಪೀಕರಿನ ಮುಖ ಎತ್ತ ತಿರುಗಬೇಕು, ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದು ಜಗಳವಿಲ್ಲದೆ ತೀರ್ಮಾನವಾಗುತ್ತದೆ. ಪೊಲೀಸರನ್ನು ಕರೆಯಬೇಕಾದ ಪ್ರಸಂಗವೇ ಬಾರದು.

ಇನ್ನು ನೀರು. ಜನಪದ ಗೀತೆಯ ಮೂಲಕ ಕುಣಿಗಲ್ ಕೆರೆಯ ಹೆಸರು ನಾಡಿಗೆಲ್ಲ ಗೊತ್ತು. ಅಂಥ ಕೆರೆಗೆ ಗಣಪತಿ ಬಿಡುವಾಗ ಯಾವ ಗಣಪತಿ ಎಂಬ ಪ್ರಶ್ನೆ ಬರುತ್ತದೆ. ಜೇಡಿಮಣ್ಣಿನ ಮೂರ್ತಿ ನೀರಿನಲ್ಲಿ ಬೇಗ ಕರಗಿ ಕೆರೆಯ ಮಣ್ಣಿಗೆ ಸೇರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಕ್ಯಾಲ್ಸಿಯಂ ಸಲ್ಫೇಟ್. ನೀರು ಹೀರಿ ಗಟ್ಟಿಯಾದ ಮೇಲೆ ಅದು ಜಿಪ್ಸಂ. ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಕರಗಿದ್ದು ನೀರನ್ನು ಗಡಸು ಮಾಡುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ. ಬಣ್ಣದಲ್ಲಿ ಸೀಸದಂಥ ಲೋಹವಿದ್ದರೆ ಅದು ಮೀನಿನ ಮೂಲಕ ನಮ್ಮ ಊಟದ ತಟ್ಟೆಗೂ ಬರಬಹುದು. ಇಂಥ ಮೂರ್ತಿಗಳನ್ನು ಕೆರೆಕುಂಟೆಗಳಿಗೆ ಬಿಡಬಾರದೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ಆದೇಶ ಹೊರಡಿಸಿತು. ಆದರೆ ಆದೇಶದ ನೆನಪು ನಮಗಾಗುವುದು ಹಬ್ಬಕ್ಕೆ ಎಂಟು ದಿನ ಇರುವಾಗ. ಅಷ್ಟು ಹೊತ್ತಿಗೆ ಮೂರ್ತಿ ಸಿದ್ಧವಾಗಿರುತ್ತದೆ, ಮುಂಗಡ ಕೊಟ್ಟಾಗಿರುತ್ತದೆ. ಮಣ್ಣು ತರಿಸಿ, ಹದಮಾಡಿ, ಮೂರ್ತಿ ಒಣಗಿಸಲು ಕುಂಬಾರರಿಗೆ ತಿಂಗಳುಗಳೇ ಬೇಕು. ಮಾತುಕತೆ ಮುಂಗಾರಿಗೆ ಮೊದಲೇ ನಡೆಯಬೇಕು. ಅದರಲ್ಲಿ ಕುಂಬಾರರು, ಮೀನು ಹಿಡಿಯುವವರು, ಅಚ್ಚುಕಟ್ಟಿನ ರೈತರು ಇರಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ಜನಸಂದಣಿ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ತಂಡ ಐಪಿಎಲ್ ಕಪ್ ಗೆದ್ದಿತು. ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮಾಚರಣೆ. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಹರೆಯದವರು, ಶಾಲೆಗೆ ಹೋಗುವ ಮಗುವೂ ಇತ್ತು. ಜನ ಶಿಸ್ತಿಲ್ಲದೆ ನುಗ್ಗಿದರು ಎನ್ನುವುದು ಸುಲಭ. ವಿಜ್ಞಾನ ಬೇರೆ ಮಾತು ಹೇಳುತ್ತದೆ. ನೆಲದ ಮೇಲೆ ಒಂದು ಮೀಟರ್ ಉದ್ದಗಲದ ಚೌಕ ಬರೆಯಿರಿ. ಅದರಲ್ಲಿ ನಾಲ್ವರು ನಿಂತರೆ ಕೈಕಾಲು ಆಡಿಸಬಹುದು. ಆರೇಳು ಮಂದಿಯಾದರೆ ಒಬ್ಬೊಬ್ಬರ ಇಚ್ಛೆಗೆ ಬೆಲೆಯಿಲ್ಲ. ಗುಂಪು ನೀರಿನಂತೆ ಹೊಯ್ದಾಡುತ್ತದೆ. ಹಿಂದಿನ ತಳ್ಳು ಅಲೆಯಾಗಿ ಮುಂದಕ್ಕೆ ಬರುತ್ತದೆ. ಎದೆ ಅರಳಲು ಜಾಗವಿಲ್ಲದೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಹಿಂದಿನವನಿಗೆ ಮುಂದೆ ಏನಾಗಿದೆಯೆಂದು ತಿಳಿಯುವುದೇ ಇಲ್ಲ. ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ಸಾಗಬಲ್ಲರು. ಎರಡು ಮೀಟರಿನ ಗೇಟಿನಲ್ಲಿ 8,000 ಜನ ಹೋಗಲು 50 ನಿಮಿಷ ಬೇಕು. ಈ ಲೆಕ್ಕ ಏಳನೆಯ ತರಗತಿಯ ಮಗುವೂ ಮಾಡಬಹುದು. ಆದರೆ ಅದನ್ನು ಹಬ್ಬಕ್ಕೆ ಮುಂಚೆ ಮಾಡಬೇಕು.

ಒಂದೇ ದಿನದಲ್ಲಿ ಅದೆಲ್ಲ ಸಾಧ್ಯವೇ ಎಂದು ಕೇಳಬಹುದು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ತುಮಕೂರಿಗೆ ಸಿಕ್ಕ ಕಾಲವೂ ಒಂದೇ ದಿನ. ಲಕ್ಷಾಂತರ ಜನ ಬಂದರು, ದರ್ಶನ ಪಡೆದರು, ದಾಸೋಹದಲ್ಲಿ ಉಂಡರು, ಶಾಂತವಾಗಿ ಹಿಂದಿರುಗಿದರು. ದಿನವೂ ಸಾವಿರಾರು ಮಂದಿಗೆ ಉಣಬಡಿಸುವ, ಪ್ರತಿವರ್ಷ ಜಾತ್ರೆ ನಡೆಸುವ ಜಾಗ ಅದು. ಅಡುಗೆಯವರು, ಸ್ವಯಂಸೇವಕರು, ಸುತ್ತಲ ಹಳ್ಳಿಯವರು, ಅಧಿಕಾರಿಗಳು ಅಂದು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗಿರಲಿಲ್ಲ. ವರ್ಷವಿಡೀ ಮಾತನಾಡಿಕೊಂಡವರಿಗೆ ಒಂದು ದಿನ ಸಾಕು; ಎಂದೂ ಮಾತನಾಡದವರಿಗೆ ಒಂದು ತಿಂಗಳೂ ಸಾಲದು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆಯ ವಾರ್ಷಿಕೋತ್ಸವದಿಂದಲೇ ಆರಂಭಿಸಿ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ವೇದಿಕೆಯ ಮೇಲೆ ಕೂರುವವರದು ಒಂದು. ಕಸ ಗುಡಿಸುವವರು, ನೀರು ತುಂಬುವವರು, ಪಕ್ಕದ ಮನೆಯವರು, ಶೌಚಾಲಯ ಎಲ್ಲಿದೆ ಎಂದು ಹುಡುಕುವ ತಾಯಂದಿರು, ಗಾಲಿಕುರ್ಚಿಯಲ್ಲಿ ಬರುವ ಸಹಪಾಠಿ ಇವರದು ಇನ್ನೊಂದು. ಎರಡನೆಯ ಪಟ್ಟಿಯವರನ್ನು ಮೊದಲು ಕೇಳಿ. ಪೋಷಕರು ತಮ್ಮ ಬೀದಿಯ ಸಮಿತಿಯಲ್ಲಿ ಇದನ್ನೇ ಮಾಡಲಿ. ಕರಪತ್ರ ಆಮೇಲೆ ಅಚ್ಚಾಗಲಿ.