ಮರುಭೂಮಿಯ ಕ್ಯಾಸಿನೊ ಊರಿಗೆ ಆರ್‌ವಿ: ಅಗ್ಗ ಯಾರಿಗೆ?

"ಆರ್‌ವಿ ಬಾಡಿಗೆಗೆ ತಗೊಂಡ್ರೆ ಹೋಟೆಲ್ ಖರ್ಚು ಉಳಿಯುತ್ತೆ" ಅನ್ನೋ ಮಾತು ಪ್ರತಿ ಲಾಂಗ್ ವೀಕೆಂಡ್‌ಗೂ ಮುಂಚೆ ನಮ್ಮ ವಾಟ್ಸಾಪ್ ಗುಂಪಿಗೆ ಬಂದೇ ಬರುತ್ತದೆ. ಉಳಿಯುವುದಿಲ್ಲ. ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ನಾವು ಅರ್ವೈನ್‌ನಿಂದ ಲಾಫ್ಲಿನ್‌ಗೆ ಹೋಗಿ ಬಂದ ಲೆಕ್ಕ ಇಲ್ಲಿದೆ, ನೀವೇ ನೋಡಿ.

ಮೂರು ರಾತ್ರಿ ಬಾಡಿಗೆ 570 ಡಾಲರ್, ವಿಮೆ 105, ಕ್ಲೀನಿಂಗ್ ಇತ್ಯಾದಿ 120. ದಿನಕ್ಕೆ 100 ಮೈಲಿ ಮಾತ್ರ ಉಚಿತ. ನಾವು ಓಡಿಸಿದ್ದು 600, ಹೆಚ್ಚುವರಿ ಮೈಲಿಗೆ 135. ಗ್ಯಾಲನ್‌ಗೆ ಒಂಬತ್ತು ಮೈಲಿ ಕೊಡುವ ಗಾಡಿಗೆ ಪೆಟ್ರೋಲ್ 300. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆರ್‌ವಿ ಪಾರ್ಕ್‌ಗೆ 105. ಒಟ್ಟು 1,335. ನಮ್ಮ ಮಿನಿವ್ಯಾನ್‌ನಲ್ಲೇ ಹೋಗಿ, ವಾರದ ಮಧ್ಯೆ ಎರಡು ರೂಮ್ ಹಿಡಿದಿದ್ದರೆ ಸುಮಾರು 410ರಲ್ಲಿ ಮುಗಿಯುತ್ತಿತ್ತು.

ಹಾಗಂತ ಆ 925 ಡಾಲರ್ ದಂಡ ಅಂತ ನಾನು ಹೇಳುವುದಿಲ್ಲ. ಮಂಡಿನೋವಿನ ಅಮ್ಮನಿಗೆ ಬಾತ್‌ರೂಮ್ ಎರಡೇ ಹೆಜ್ಜೆ ದೂರ ಇತ್ತು, ರಾತ್ರಿ ಬಿಸಿ ಅನ್ನ ಸಾರು ಇತ್ತು. ಅದಕ್ಕೆ ಕೊಟ್ಟ ಬೆಲೆ ಅದು. ಉಳಿತಾಯ ಅಂತ ಕರೆಯಬೇಡಿ, ಅಷ್ಟೇ. ಇನ್ನೊಂದು ಮಾತು: ಬಹುತೇಕ ಕ್ರೆಡಿಟ್ ಕಾರ್ಡ್‌ಗಳ ಬಾಡಿಗೆ ಕಾರಿನ ವಿಮೆ ಆರ್‌ವಿಗೆ ಅನ್ವಯಿಸುವುದಿಲ್ಲ. ಕೌಂಟರ್‌ನಲ್ಲಿ ಕೇಳುವ ವಿಮೆ ಬೇಡ ಅನ್ನುವ ಮುಂಚೆ ನಿಮ್ಮ ಕಾರ್ಡಿನ ಷರತ್ತು ಓದಿ.

ಈಗ ಊರಿನ ವಿಷಯ. ಲಾಫ್ಲಿನ್ ಇರುವುದು ನೆವಾಡಾದ ದಕ್ಷಿಣ ತುದಿಯಲ್ಲಿ, ಕೊಲೊರಾಡೊ ನದಿಯ ದಂಡೆ ಮೇಲೆ. ಆಚೆ ದಡ ಅರಿಜೋನಾ. ಡಾನ್ ಲಾಫ್ಲಿನ್ ಎಂಬಾತ 1964ರಲ್ಲಿ ಇಲ್ಲಿ ಮುಚ್ಚಿಹೋಗಿದ್ದ ಒಂದು ಮೋಟೆಲ್ ಕೊಂಡು, 1966ರಲ್ಲಿ ರಿವರ್‌ಸೈಡ್ ತೆರೆದ. ಊರಿಗೆ ಅವನದೇ ಹೆಸರು. 1994ರ ಜೂನ್‌ನಲ್ಲಿ ಇಲ್ಲಿ 125 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು, ಹಾಗಾಗಿ ಆರ್‌ವಿಯಲ್ಲಿ ಹೋಗುವವರು ಚಳಿಗಾಲದಲ್ಲೇ ಹೋಗಿ. ಆಗ ಇಲ್ಲಿ ಎತ್ತ ನೋಡಿದರೂ ನಿವೃತ್ತರೇ.

ಅಂಥ ಬೆಂಗಾಡಿನಲ್ಲಿ ರೂಮು ಅಷ್ಟು ಅಗ್ಗ ಯಾಕೆ? ಕೆಳಗಿನ ಯಂತ್ರಗಳು ಬಾಡಿಗೆ ಕಟ್ಟುತ್ತವೆ. 'ಪೆನ್ನಿ' ಎಂದು ಬರೆದಿರುವ ಸ್ಲಾಟ್‌ನಲ್ಲೂ ಒಂದು ಸಲ ಬಟನ್ ಒತ್ತಿದರೆ ಸಾಮಾನ್ಯವಾಗಿ ಹೋಗುವುದು ಒಂದು ಸೆಂಟ್ ಅಲ್ಲ, ಐವತ್ತರ ಆಸುಪಾಸು. ಗಂಟೆಗೆ 600 ಸಲ ಒತ್ತಿದಿರಿ, ಯಂತ್ರ ಶೇಕಡಾ 8 ಇಟ್ಟುಕೊಳ್ಳುತ್ತದೆ ಅಂತ ಹಿಡಿದರೆ, ಸರಾಸರಿ ನಷ್ಟ ಗಂಟೆಗೆ 24 ಡಾಲರ್. ದಿನಕ್ಕೆ ಎರಡು ಗಂಟೆಯಂತೆ ಗಂಡ ಹೆಂಡತಿ ಮೂರು ದಿನ ಕೂತರೆ 288. ನಮ್ಮ ಎರಡು ರೂಮಿನ ಬಾಡಿಗೆ ಹತ್ತಿರ ಹತ್ತಿರ ಬಂತು! ಗೆದ್ದೆನಾ ಸೋತೆನಾ ಎಂಬ ಲೆಕ್ಕ ಬಿಟ್ಟು, ಗಂಟೆಗೆ ಇಷ್ಟು ಟಿಕೆಟ್ ಎಂದುಕೊಂಡು ಕೂರುವವರ ಬಗ್ಗೆ ನನಗೆ ತಕರಾರಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಗೆದ್ದವರ ಬಗ್ಗೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಸ್ಲಾಟ್‌ನಲ್ಲಿ ಜಾಕ್‌ಪಾಟ್ ಹೊಡೆದರೆ ಕ್ಯಾಸಿನೊ ಶೇಕಡಾ 30 ತೆರಿಗೆ ಹಿಡಿದುಕೊಂಡೇ ಉಳಿದದ್ದು ಕೊಡುತ್ತದೆ. ಸೋತದ್ದನ್ನು ಅವರು ಅದರಿಂದ ಕಳೆಯುವ ಹಾಗೂ ಇಲ್ಲ. "ನೀನೇ ಕೂತಿದ್ದೆ ಅಂತ ಹೇಳಿಬಿಡೋ" ಅಂತ ಅಪ್ಪ ತಮಾಷೆಗೆ ಅಂದರು. ಬಟನ್ ಒತ್ತಿದವರದೇ ಗೆಲುವು, ಕ್ಯಾಮೆರಾ ತಲೆ ಮೇಲೇ ಇದೆ. ವಿಚಿತ್ರ ಏನೆಂದರೆ ರೂಲೆಟ್, ಬ್ಲ್ಯಾಕ್‌ಜಾಕ್‌ನಲ್ಲಿ ಅವರು ಗೆದ್ದರೆ ಈ 30ರ ಕಾಟ ಇಲ್ಲ. ಆಡಲೇಬೇಕೆಂದರೆ ಅಲ್ಲಿ ಕೂರಿಸಿ. ಎರಡು ಸೊನ್ನೆಯ ರೂಲೆಟ್ ಶೇಕಡಾ 5.26 ತಿನ್ನುತ್ತದೆ, ಮೂರು ಸೊನ್ನೆಯದು 7.69. ಚಕ್ರ ನೋಡಿ ಕೂರಿ.

ಎಚ್‌1ಬಿ, ಗ್ರೀನ್ ಕಾರ್ಡ್ ಮೇಲೆ ಇಲ್ಲಿ ನೆಲೆಸಿರುವ ನಮ್ಮ ಕತೆ ಬೇರೆ. ಗೆದ್ದದ್ದೆಲ್ಲ ಆದಾಯ. ಸೋತದ್ದನ್ನು ತೋರಿಸಬೇಕಾದರೆ ಐಟಮೈಸ್ ಮಾಡಬೇಕು, ನಮ್ಮಲ್ಲಿ ಹೆಚ್ಚಿನವರು ಸ್ಟ್ಯಾಂಡರ್ಡ್ ಡಿಡಕ್ಷನ್‌ನವರು. 2026ರಿಂದ ಇನ್ನೂ ಒಂದು: ನಷ್ಟದ ಶೇಕಡಾ 90 ಮಾತ್ರ ಲೆಕ್ಕಕ್ಕೆ. ವರ್ಷದಲ್ಲಿ 10,000 ಗೆದ್ದು 10,000 ಸೋತವನು, ಕೈಗೆ ಒಂದು ಕಾಸೂ ಬರದಿದ್ದರೂ, 1,000 ಡಾಲರ್‌ಗೆ ತೆರಿಗೆ ಕಟ್ಟುತ್ತಾನೆ.

ನದಿ ದಂಡೆಯ ಕಾಲ್ದಾರಿ ಮಾತ್ರ ಪೂರ್ತಿ ಪುಕ್ಕಟೆ. ಬೆಳಗ್ಗೆ ಏಳಕ್ಕೆ ಅಪ್ಪ ಅಮ್ಮನ ಜೊತೆ ಒಂದು ಸುತ್ತು ಹಾಕಿ. ವಾಪಸ್ ಬರುವಾಗ ಕ್ಯಾಲಿಫೋರ್ನಿಯಾದ ನೀಡಲ್ಸ್‌ನಲ್ಲಿ ಪೆಟ್ರೋಲ್ ಹಾಕಿಸಬೇಡಿ; ಸೇತುವೆ ದಾಟಿ ಬುಲ್‌ಹೆಡ್ ಸಿಟಿಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ.